ಡಿಸೆಂಬರ್ 25 ಯಾರ ಹಬ್ಬ? ‘ಕದ್ದ ಹಬ್ಬ’ದ ಫಾರ್ವರ್ಡ್‌ಗಳನ್ನು ಸಾಕ್ಷಿ ಇಟ್ಟುಕೊಂಡು ನೋಡೋಣ

ಬಸ್ಸಲ್ಲಿ ಕೂತು ಕೇಳ್ತಾ ಇದ್ದೀರೋ, ಅಡುಗೆ ಮಾಡ್ತಾ ಕೇಳ್ತಾ ಇದ್ದೀರೋ, ಒಂದು 20 ನಿಮಿಷ ಜೊತೆಗಿರಿ.

ಡಿಸೆಂಬರ್ ಬಂತು ಅಂದ್ರೆ ಮೊಬೈಲಿಗೆ ಎರಡು ಥರದ ಸಂದೇಶ ಶುರುವಾಗುತ್ತೆ. ಒಂದು, ‘ಹ್ಯಾಪಿ ಕ್ರಿಸ್‌ಮಸ್’ ಅನ್ನೋ ಕೆಂಪು ಹಸಿರು ಸ್ಟಿಕ್ಕರ್. ಇನ್ನೊಂದು, ಉದ್ದನೆಯ ಫಾರ್ವರ್ಡ್. ಕ್ರಿಸ್‌ಮಸ್ ಅಸಲಿಗೆ ಕ್ರೈಸ್ತರ ಹಬ್ಬವೇ ಅಲ್ಲ, ರೋಮನ್ನರ ಸೂರ್ಯನ ಹಬ್ಬವನ್ನು ಚರ್ಚು ಕದ್ದುಕೊಂಡಿತು. ಈಸ್ಟರ್ ಅಂದ್ರೆ ಬ್ಯಾಬಿಲೋನಿನ ಇಷ್ತಾರ್ ದೇವತೆ. ಮೊಟ್ಟೆ, ಮೊಲ, ಕ್ರಿಸ್‌ಮಸ್ ಮರ ಎಲ್ಲವೂ ಹಳೇ ಪೇಗನ್ ಧರ್ಮಗಳಿಂದ ಎತ್ತಿಕೊಂಡಿದ್ದು. ಹೀಗೆ ಸಾಗುತ್ತೆ ಅದು.

ಇದರಲ್ಲಿ ನಿಜ ಎಷ್ಟು? ಕೆಲವು ನಿಜ, ಕೆಲವು ಅರ್ಧ ನಿಜ, ಕೆಲವು ಪೂರ್ತಿ ಸುಳ್ಳು. ಯಾವ ಸಾಕ್ಷಿ ಇದೆ, ಅದು ಯಾವ ಕಾಲದ್ದು, ಬರೆದವರು ಯಾರು ಅಂತ ಒಂದೊಂದಾಗಿ ನೋಡೋಣ. ಕೊನೆಗೆ ಇನ್ನೊಂದು ಪ್ರಶ್ನೆ ಕೇಳೋಣ: ‘ಇದು ಪೇಗನ್ ಹಬ್ಬ’ ಅಂತ ಗಟ್ಟಿಯಾಗಿ ಕೂಗಿ ಕ್ರಿಸ್‌ಮಸ್ಸನ್ನೇ ನಿಲ್ಲಿಸೋಕೆ ಹೊರಟವರು ಯಾರು? ಉತ್ತರ ಕೇಳಿದರೆ ಆಶ್ಚರ್ಯ ಆಗಬಹುದು.

ಅದಕ್ಕೂ ಮೊದಲು ಒಂದು ಪದ. ಪೇಗನ್. ಲ್ಯಾಟಿನ್ನಿನ ‘ಪಗಾನುಸ್’ ಅನ್ನೋ ಪದಕ್ಕೆ ಹಳ್ಳಿಯವನು ಅನ್ನೋ ಅರ್ಥ ಇತ್ತು. ಆ ಕಾಲದ ಯಾರೂ ತಮ್ಮನ್ನು ತಾವು ‘ನಾನು ಪೇಗನ್’ ಅಂತ ಕರೆದುಕೊಳ್ಳುತ್ತಿರಲಿಲ್ಲ. ಹಳೆಯ ದೇವರುಗಳನ್ನು ಪೂಜಿಸುತ್ತಿದ್ದವರಿಗೆಲ್ಲ ಕ್ರೈಸ್ತರು ಒಟ್ಟಾಗಿ ಅಂಟಿಸಿದ ಹೆಸರು ಅದು. ರೋಮಿನ ದೇವಸ್ಥಾನವೂ ಪೇಗನ್, ಇಂಗ್ಲೆಂಡಿನ ಕಾಡಿನ ದೇವರೂ ಪೇಗನ್. ಹಾಗಾಗಿ ‘ಪೇಗನ್ ಹಬ್ಬ’ ಅಂದ ಕೂಡಲೇ ಯಾವ ಊರಿನ, ಯಾವ ದೇವರ, ಯಾವ ದಿನದ ಹಬ್ಬ ಅಂತ ಕೇಳಲೇಬೇಕು.

ಸ್ಯಾಟರ್ನೇಲಿಯಾ: ಯಜಮಾನ ಬಡಿಸೋ ದಿನ

ಫಾರ್ವರ್ಡ್‌ಗಳಲ್ಲಿ ಮೊದಲು ಬರೋ ಹೆಸರು ಸ್ಯಾಟರ್ನೇಲಿಯಾ. ರೋಮನ್ನರ ಸ್ಯಾಟರ್ನ್ ದೇವರ ಹಬ್ಬ. ರೋಮಿನ ಫೋರಂನಲ್ಲಿ ಇವತ್ತಿಗೂ ಆ ದೇವರ ಗುಡಿಯ 8 ಕಂಬಗಳು ನಿಂತಿವೆ. ಹಬ್ಬ ಶುರುವಾಗುತ್ತಿದ್ದದ್ದು ಡಿಸೆಂಬರ್ 17ಕ್ಕೆ. ಜನ ಅದನ್ನು ಎಳೆದೂ ಎಳೆದೂ 7 ದಿನ ಮಾಡಿದರು.

ಮಜಾ ಹಬ್ಬ ಅದು. ಕೋರ್ಟು, ಶಾಲೆ ಬಂದ್. ಗಂಭೀರವಾದ ಟೋಗಾ ಉಡುಪು ಪಕ್ಕಕ್ಕೆ. ಬೇರೆ ದಿನ ನಿಷೇಧ ಇದ್ದ ಜೂಜು ಈಗ ಬಹಿರಂಗವಾಗಿ. ಮೇಣದ ಬತ್ತಿ, ಮಣ್ಣಿನ ಪುಟ್ಟ ಗೊಂಬೆ ಉಡುಗೊರೆ. ಎಲ್ಲಕ್ಕಿಂತ ವಿಶೇಷ ಅಂದ್ರೆ, ಗುಲಾಮರು ಊಟಕ್ಕೆ ಕೂರುತ್ತಿದ್ದರು, ಕೆಲವು ಮನೆಗಳಲ್ಲಿ ಯಜಮಾನರೇ ಬಡಿಸುತ್ತಿದ್ದರು. ಕೆಲವೇ ದಿನ. ಆಮೇಲೆ ಮತ್ತೆ ಅದೇ ಗುಲಾಮಗಿರಿ.

ಉಡುಗೊರೆ, ಬತ್ತಿ, ಊಟ, ರಜೆ. ಕ್ರಿಸ್‌ಮಸ್ ಥರಾನೇ ಇದೆ ಅಲ್ವಾ? ಇದೆ. ಆದ್ರೆ ದಿನಾಂಕ ನೋಡಿ. 17ರಿಂದ 7 ದಿನ ಅಂದ್ರೆ 23ಕ್ಕೆ ಮುಗೀತು. ಡಿಸೆಂಬರ್ 25 ಸ್ಯಾಟರ್ನೇಲಿಯಾದ ದಿನವೇ ಅಲ್ಲ. ಆ ವಾರದ ಹಬ್ಬದ ವಾತಾವರಣ ರೋಮಿನ ಕ್ರೈಸ್ತರ ಮನೆಗೂ ತಾಗಿರಬಹುದು. ಆದ್ರೆ ದಿನಾಂಕ ಎಲ್ಲಿಂದ ಬಂತು ಅನ್ನೋದಕ್ಕೆ ಉತ್ತರ ಇಲ್ಲಿಲ್ಲ.

ಒಂದೇ ಪುಸ್ತಕದಲ್ಲಿ ಎರಡು ಹುಟ್ಟುಹಬ್ಬ

ಈಗ ನಿಜವಾದ ಸಾಕ್ಷಿಗೆ ಬರೋಣ. ಕ್ರಿ.ಶ. 354ರಲ್ಲಿ ರೋಮಿನಲ್ಲಿ ಒಂದು ಚಿತ್ರಗಳಿರೋ ಪಂಚಾಂಗ ತಯಾರಾಯಿತು. ಅಂದವಾದ ಅಕ್ಷರಕ್ಕೆ ಹೆಸರಾಗಿದ್ದ ಫಿಲೋಕಾಲುಸ್ ಎಂಬ ಲಿಪಿಕಾರ, ವ್ಯಾಲೆಂಟಿನುಸ್ ಎಂಬ ಕ್ರೈಸ್ತನಿಗಾಗಿ ಮಾಡಿಕೊಟ್ಟದ್ದು. ಮೂಲ ಪ್ರತಿ ಕಳೆದುಹೋಗಿದೆ, ನಂತರದ ನಕಲುಗಳು ಉಳಿದಿವೆ.

ಅದರಲ್ಲಿ ರೋಮ್ ನಗರದ ಹಬ್ಬಗಳ ಪಟ್ಟಿ ಇದೆ. ಡಿಸೆಂಬರ್ 25ರ ಎದುರು ‘ಅಜೇಯ’ನ ಹುಟ್ಟುದಿನ ಅಂತಲೂ, 30 ರಥದ ಓಟಗಳು ಅಂತಲೂ ಬರೆದಿದೆ. ಅಜೇಯ ಅಂದ್ರೆ ಸೋಲ್ ಇನ್‌ವಿಕ್ಟುಸ್, ಸೋಲಿಲ್ಲದ ಸೂರ್ಯ. ಅದೇ ಪುಸ್ತಕದ ಇನ್ನೊಂದು ಕಡೆ ಕ್ರೈಸ್ತ ಹುತಾತ್ಮರ ದಿನಗಳ ಪಟ್ಟಿ ಇದೆ. ಅದರ ಮೊದಲ ಸಾಲೇ ಡಿಸೆಂಬರ್ 25, ಯೂದಾಯದ ಬೆತ್ಲೆಹೇಮಿನಲ್ಲಿ ಕ್ರಿಸ್ತ ಹುಟ್ಟಿದ ದಿನ ಅಂತ. ಈ ಎರಡನೇ ಪಟ್ಟಿಯನ್ನು 336ರ ಹೊತ್ತಿಗೆ ಮಾಡಿದ್ದು ಅಂತ ವಿದ್ವಾಂಸರು ಲೆಕ್ಕ ಹಾಕಿದ್ದಾರೆ.

ಒಂದೇ ಪುಸ್ತಕ, ಒಂದೇ ತಾರೀಖು, ಎರಡು ಹುಟ್ಟುಹಬ್ಬ. ಅದನ್ನು ಓದುತ್ತಿದ್ದ ವ್ಯಾಲೆಂಟಿನುಸ್‌ಗೆ ಎರಡೂ ಬೇಕಿದ್ದವು. ಅವನು ಕ್ರೈಸ್ತ, ಹಾಗೇ ರಥದ ಓಟ ಯಾವತ್ತು ಅಂತ ಗೊತ್ತಿರಬೇಕಾದ ರೋಮನ್ ಕೂಡ.

ಹಾಗಾದ್ರೆ ಯಾವುದು ಮೊದಲು? ಫಾರ್ವರ್ಡ್ ಹೇಳೋ ಪ್ರಕಾರ ಚಕ್ರವರ್ತಿ ಔರೇಲಿಯನ್ 274ರ ಡಿಸೆಂಬರ್ 25ಕ್ಕೆ ಸೂರ್ಯನ ಹಬ್ಬ ಶುರು ಮಾಡಿದ. ಔರೇಲಿಯನ್ 274ರಲ್ಲಿ ರೋಮಿನಲ್ಲಿ ಸೂರ್ಯನಿಗೆ ದೊಡ್ಡ ದೇವಸ್ಥಾನ ಕಟ್ಟಿಸಿದ್ದು ನಿಜ. ಆದ್ರೆ ಉದ್ಘಾಟನೆ ಡಿಸೆಂಬರ್ 25ಕ್ಕೇ ಆಯ್ತು ಅಂತ ಆ ಕಾಲದ ಯಾವ ದಾಖಲೆಯೂ ಹೇಳಲ್ಲ. ಡಿಸೆಂಬರ್ 25 ಸೂರ್ಯನ ಹಬ್ಬ ಅಂತ ಸ್ಪಷ್ಟವಾಗಿ ಹೇಳೋ ಅತ್ಯಂತ ಹಳೆಯ ದಾಖಲೆ ಇದೇ 354ರ ಪುಸ್ತಕ. ಅಂದ್ರೆ ಕಾಗದದ ಮೇಲಿನ ಸಾಕ್ಷಿ ಮಾತ್ರ ನೋಡಿದರೆ ಕ್ರಿಸ್ತನ ಹುಟ್ಟುಹಬ್ಬವೇ ಸ್ವಲ್ಪ ಹಳೆಯದು! ಹಾಗಂತ ಸೂರ್ಯನ ಹಬ್ಬ ಅದಕ್ಕೂ ಮುಂಚೆ ಇರಲಿಲ್ಲ ಅಂತಲೂ ಹೇಳೋಕಾಗಲ್ಲ. ಬರೆದಿಟ್ಟದ್ದು ಸಿಕ್ಕಿಲ್ಲ, ಅಷ್ಟೇ.

ಲೆಕ್ಕ ಹಾಕಿ ಹುಡುಕಿದ ದಿನ

ಇನ್ನೊಂದು ವಾದ ಇದೆ. ಮೊದಲ 200 ವರ್ಷ ಕ್ರೈಸ್ತರಿಗೆ ಯೇಸುವಿನ ಹುಟ್ಟುಹಬ್ಬದ ಬಗ್ಗೆ ತಲೆಬಿಸಿಯೇ ಇರಲಿಲ್ಲ. ಬೈಬಲ್ಲಿನಲ್ಲಿ ದಿನಾಂಕ ಇಲ್ಲ. ಸುಮಾರು 200ರಲ್ಲಿ ಅಲೆಕ್ಸಾಂಡ್ರಿಯಾದ ಕ್ಲೆಮೆಂಟ್ ಜನ ಹೇಳ್ತಿದ್ದ ಒಂದಷ್ಟು ದಿನಾಂಕಗಳನ್ನು ಪಟ್ಟಿ ಮಾಡ್ತಾನೆ. ಒಂದು ಏಪ್ರಿಲಿನಲ್ಲಿ ಬರುತ್ತೆ, ಇನ್ನೊಂದು ಮೇ ತಿಂಗಳಲ್ಲಿ. ಡಿಸೆಂಬರ್ 25 ಅದರಲ್ಲಿಲ್ಲ. 3ನೇ ಶತಮಾನದ ಓರಿಜೆನ್ ಅಂತೂ ಹುಟ್ಟುಹಬ್ಬ ಆಚರಿಸೋದೇ ಫೇರೋ, ಹೆರೋದನಂಥ ಪಾಪಿಗಳ ಕೆಲಸ ಅಂತ ಬೈದಿದ್ದ.

ಅವರಿಗೆ ಮುಖ್ಯ ಆಗಿದ್ದದ್ದು ಯೇಸು ಸತ್ತ ದಿನ. ಸುಮಾರು 200ರ ಹೊತ್ತಿಗೇ ಉತ್ತರ ಆಫ್ರಿಕಾದ ತೆರ್ತುಲಿಯನ್ ಆ ದಿನ ಮಾರ್ಚ್ 25 ಅಂತ ಬರೆದಿದ್ದ. ಆಮೇಲೆ 5ನೇ ಶತಮಾನದ ಆರಂಭದಲ್ಲಿ ಸಂತ ಅಗಸ್ಟೀನ್ ಒಂದು ಲೆಕ್ಕ ಹೇಳ್ತಾನೆ: ಯೇಸು ತಾಯಿಯ ಗರ್ಭಕ್ಕೆ ಬಂದದ್ದೂ ಮಾರ್ಚ್ 25, ಸತ್ತದ್ದೂ ಮಾರ್ಚ್ 25. ಅಲ್ಲಿಂದ 9 ತಿಂಗಳು ಎಣಿಸಿ. ಡಿಸೆಂಬರ್ 25. ಪೂರ್ವದ ಕ್ರೈಸ್ತರು ಏಪ್ರಿಲ್ 6 ಅಂತ ಹಿಡಿದಿದ್ದರು. ಅಲ್ಲಿಂದ 9 ತಿಂಗಳು ಎಣಿಸಿದರೆ ಜನವರಿ 6. ಅರ್ಮೇನಿಯಾದ ಚರ್ಚಿನಲ್ಲಿ ಇವತ್ತಿಗೂ ಕ್ರಿಸ್‌ಮಸ್ ಜನವರಿ 6ಕ್ಕೇ. ಎರಡೂ ಕಡೆ ಲೆಕ್ಕ ಕೂಡುತ್ತೆ ಅನ್ನೋದು ಈ ವಾದದ ಬಲ. ಅಗಸ್ಟೀನ್ ಬರೆಯೋ ಹೊತ್ತಿಗೆ ಹಬ್ಬ ಆಗಲೇ ನಡೀತಾ ಇತ್ತು, ಮೊದಲು ಹಬ್ಬ ಬಂದು ಆಮೇಲೆ ಲೆಕ್ಕ ಹೊಂದಿಸಿರಬಹುದು ಅನ್ನೋದು ಇದರ ದೌರ್ಬಲ್ಯ.

ಇಲ್ಲೊಂದು ಸ್ವಾರಸ್ಯ ಗಮನಿಸಿ. ರೋಮನ್ನರ ಪಂಚಾಂಗದಲ್ಲಿ ಡಿಸೆಂಬರ್ 25 ಅಂದ್ರೆ ವರ್ಷದ ಅತಿ ಚಿಕ್ಕ ಹಗಲು. ಮಾರ್ಚ್ 25 ಅಂದ್ರೆ ಹಗಲು ರಾತ್ರಿ ಸಮ ಆಗೋ ದಿನ. 4ನೇ ಶತಮಾನದ ಹೊತ್ತಿಗೆ ಆಕಾಶದಲ್ಲಿ ಅವು ಕೆಲವು ದಿನ ಮೊದಲೇ ಆಗಿ ಹೋಗುತ್ತಿದ್ದವು, ಆದ್ರೆ ಸಂಪ್ರದಾಯದ ದಿನಾಂಕ ಬದಲಾಗಿರಲಿಲ್ಲ. ನಮ್ಮ ಸಂಕ್ರಾಂತಿ ಗೊತ್ತಲ್ಲ? ಸೂರ್ಯ ಉತ್ತರಕ್ಕೆ ತಿರುಗೋದು ಡಿಸೆಂಬರ್ 21-22ಕ್ಕೆ, ಎಳ್ಳು ಬೆಲ್ಲ ಹಂಚೋದು ಜನವರಿ 14-15ಕ್ಕೆ. ಆ ಥರ. ಅಂದ್ರೆ ಕದ್ದದ್ದು ಅನ್ನಿ, ಲೆಕ್ಕ ಹಾಕಿದ್ದು ಅನ್ನಿ, ಎರಡು ದಾರಿಯಲ್ಲೂ ಸೂರ್ಯ ಸಿಕ್ಕೇ ಸಿಗ್ತಾನೆ. ರೋಮಿನ ಕ್ರೈಸ್ತರೂ ಸೂರ್ಯಪೂಜಕರೂ ಬದುಕುತ್ತಿದ್ದದ್ದು ಒಂದೇ ಪಂಚಾಂಗದೊಳಗೆ. 321ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ವಾರದ ರಜೆ ಘೋಷಿಸಿದಾಗ ಕಾನೂನಿನಲ್ಲಿ ಬಳಸಿದ ಹೆಸರೂ ಸೂರ್ಯನ ದಿನ ಅಂತಲೇ. ನಾವೂ ಅದನ್ನು ಭಾನುವಾರ ಅಂತೀವಿ.

‘ಸೂರ್ಯನ ಹಬ್ಬಕ್ಕೆ ಜನ ಹೋಗ್ತಿದ್ದರು ಅಂತ ಚರ್ಚು ಅದೇ ದಿನ ಕ್ರಿಸ್‌ಮಸ್ ಇಟ್ಟಿತು’ ಅಂತ ನೇರವಾಗಿ ಹೇಳೋ ಬರಹ ಒಂದಿದೆ. ಸಿರಿಯಾದ ಬಿಷಪ್ ದಿಯೊನಿಸಿಯುಸ್ ಬಾರ್ ಸಲಿಬಿಯ ಗ್ರಂಥದ ಹಸ್ತಪ್ರತಿಯ ಅಂಚಿನಲ್ಲಿ ಯಾರೋ ಬರೆದ ಟಿಪ್ಪಣಿ ಅದು. ಆದ್ರೆ ಆ ಬಿಷಪ್ 12ನೇ ಶತಮಾನದವನು. ಘಟನೆಗೂ ಬರಹಕ್ಕೂ ನಡುವೆ 800 ವರ್ಷ ಅಂತರ.

ನಮಗೆ ಆ ಕಾಲದ್ದೇ ಮಾತು ಬೇಕು ಅಂದ್ರೆ ಪೋಪ್ ಲಿಯೋನನ್ನು ಕೇಳಬೇಕು. 5ನೇ ಶತಮಾನದ ಮಧ್ಯದಲ್ಲಿ ಅವನು ಮಾಡಿದ ಕ್ರಿಸ್‌ಮಸ್ ಪ್ರವಚನ ಉಳಿದಿದೆ. ಅದರಲ್ಲಿ ಒಂದು ದೂರು ಇದೆ: ಸಂತ ಪೇತ್ರನ ಚರ್ಚಿಗೆ ಬರೋ ಕ್ರೈಸ್ತರೇ ಮೆಟ್ಟಿಲು ಹತ್ತಿ, ಒಳಗೆ ಹೋಗೋ ಮುಂಚೆ ಹಿಂದೆ ತಿರುಗಿ, ಉದಯಿಸೋ ಸೂರ್ಯನಿಗೆ ತಲೆ ಬಾಗಿಸ್ತಾರೆ ಅಂತ. ಪೋಪ್‌ಗೆ ಕೋಪ. ಜನಕ್ಕೆ ಅದರಲ್ಲಿ ತಪ್ಪೇನೂ ಕಾಣಿಸಿಲ್ಲ. ಅಜ್ಜ ಮಾಡ್ತಿದ್ದ, ಅಪ್ಪ ಮಾಡ್ತಿದ್ದ, ಅವರೂ ಮಾಡಿದರು.

ಒಂದು ಮಾತು ಮರೆಯಬಾರದು. ಇದೆಲ್ಲ ಬರೀ ಸಿಹಿ ಬೆರಕೆಯ ಕತೆ ಅಲ್ಲ. 391 ಮತ್ತು 392ರಲ್ಲಿ ಚಕ್ರವರ್ತಿ ಥಿಯೊಡೋಸಿಯುಸ್ ಹಳೆಯ ದೇವರಿಗೆ ಬಲಿ ಕೊಡೋದನ್ನೂ ಅವರ ಗುಡಿಗಳಲ್ಲಿ ಪೂಜೆ ಮಾಡೋದನ್ನೂ ಕಾನೂನಿನಿಂದಲೇ ನಿಷೇಧಿಸಿದ. ಅದೇ ಹೊತ್ತಿಗೆ ಅಲೆಕ್ಸಾಂಡ್ರಿಯಾದ ಸೆರಾಪಿಸ್ ದೇವಸ್ಥಾನವನ್ನು ಕೆಡವಲಾಯಿತು. ಹಬ್ಬ ಕದ್ದರಾ ಅನ್ನೋದರ ಬಗ್ಗೆ ವಾದ ಮಾಡಬಹುದು. ಗುಡಿ ಮುಚ್ಚಿಸಿದ್ದರ ಬಗ್ಗೆ ವಾದಕ್ಕೆ ಜಾಗ ಇಲ್ಲ.

ಒಂದು ತಿಂಗಳಲ್ಲಿ ಮನಸ್ಸು ಬದಲಿಸಿದ ಪೋಪ್

ಚರ್ಚು ಬೇಕಂತಲೇ ಹಳೆ ಆಚರಣೆಯನ್ನು ಉಳಿಸಿಕೊಂಡ ಉದಾಹರಣೆ ಇಲ್ಲವೇ ಇಲ್ವಾ? ಇದೆ, ಕಾಗದ ಪತ್ರದ ಸಮೇತ ಇದೆ. ವರ್ಷ 601. ಇಂಗ್ಲೆಂಡಿನ ಕೆಂಟ್ ರಾಜ್ಯದ ದೊರೆ ಎಥೆಲ್‌ಬರ್ಟ್ ಆಗಷ್ಟೇ ಕ್ರೈಸ್ತನಾಗಿದ್ದ. ಪೋಪ್ ಗ್ರೆಗೊರಿ ಅವನಿಗೆ ಪತ್ರ ಬರೆದ: ವಿಗ್ರಹಾರಾಧನೆ ನಿಲ್ಲಿಸು, ಗುಡಿಗಳನ್ನು ಕೆಡವು ಅಂತ. ಆಮೇಲೆ ಒಂದು ತಿಂಗಳೊಳಗೆ, ಇಂಗ್ಲೆಂಡಿಗೆ ಹೋಗ್ತಾ ಇದ್ದ ಮೆಲ್ಲಿತುಸ್ ಎಂಬ ಸನ್ಯಾಸಿಗೆ ಇನ್ನೊಂದು ಪತ್ರ ಕಳಿಸಿದ. ತುಂಬಾ ಯೋಚನೆ ಮಾಡಿದೆ, ಗುಡಿಗಳನ್ನು ಕೆಡವೋದು ಬೇಡ. ಒಳಗಿನ ವಿಗ್ರಹ ಮಾತ್ರ ತೆಗೀರಿ, ಪವಿತ್ರ ಜಲ ಚಿಮುಕಿಸಿ ಅದೇ ಕಟ್ಟಡವನ್ನು ಚರ್ಚು ಮಾಡಿ. ಅವರು ದನ ಕಡಿದು ದೇವರಿಗೆ ಅರ್ಪಿಸ್ತಾರಲ್ಲ, ಅದರ ಬದಲಿಗೆ ಸಂತರ ಹಬ್ಬದ ದಿನ ಚರ್ಚಿನ ಸುತ್ತ ಚಪ್ಪರ ಹಾಕಿ, ದನ ಕಡಿದು, ಅವರೇ ಊಟ ಮಾಡಲಿ. ಬೆಟ್ಟದ ತುದಿಗೆ ಹೋಗೋನು ಹೆಜ್ಜೆ ಹೆಜ್ಜೆ ಇಟ್ಟೇ ಹತ್ತಬೇಕು, ಹಾರಿಕೊಂಡು ಹೋಗೋಕಾಗಲ್ಲ ಅನ್ನೋದು ಅವನ ತರ್ಕ.

ಬೀಡ್ ಎಂಬ ಇಂಗ್ಲಿಷ್ ಸನ್ಯಾಸಿ 731ರಲ್ಲಿ ಮುಗಿಸಿದ ಇತಿಹಾಸ ಗ್ರಂಥದಲ್ಲಿ ಈ ಪತ್ರ ಇದೆ. ಇದು ಉಪಾಯವೇ, ಸಂಶಯ ಇಲ್ಲ. ಜನರನ್ನು ಗೆಲ್ಲೋದಕ್ಕೆ ಹಬ್ಬದೂಟವನ್ನು ಬಳಸಿಕೊಂಡ ಉಪಾಯ. ಆದ್ರೆ ಅದರೊಳಗೆ ಇನ್ನೊಂದು ಒಪ್ಪಿಗೆ ಇದೆ: ಜನರಿಂದ ದೇವರನ್ನು ಕಿತ್ತುಕೊಳ್ಳಬಹುದು, ಹಬ್ಬ ಕಿತ್ತುಕೊಳ್ಳೋದು ಕಷ್ಟ.

ಈಸ್ಟರ್, ಇಷ್ತಾರ್, ಒಂದು ಪ್ರಾಸ

ಅದೇ ಬೀಡ್ 725ರಲ್ಲಿ ಕಾಲಗಣನೆಯ ಬಗ್ಗೆ ಒಂದು ಪುಸ್ತಕ ಬರೆದ. ಇಂಗ್ಲಿಷರ ಹಳೇ ತಿಂಗಳುಗಳ ಹೆಸರು ಕೊಡುತ್ತಾ, ಏಪ್ರಿಲಿಗೆ ‘ಎಓಸ್ತುರ್’ ತಿಂಗಳು ಅಂತ ಹೆಸರಿತ್ತು, ಅದು ಎಓಸ್ತ್ರೆ ಎಂಬ ದೇವತೆಯಿಂದ ಬಂದದ್ದು, ಈಗ ಅದೇ ಹೆಸರಿನಿಂದ ಯೇಸು ಪುನರುತ್ಥಾನದ ಹಬ್ಬವನ್ನು ಕರೀತಾರೆ ಅಂತ ಹೇಳಿದ. ಆ ದೇವತೆಯ ಬಗ್ಗೆ ನೇರವಾಗಿ ಸಿಗೋ ಹಳೆಯ ಮಾಹಿತಿ ಇಷ್ಟೇ. ಅವಳಿಗೆ ಮೊಲ ಇತ್ತು, ಮೊಟ್ಟೆ ಇತ್ತು ಅಂತ ಬೀಡ್ ಒಂದಕ್ಷರವೂ ಹೇಳಿಲ್ಲ.

ಹೆಸರು ಪೇಗನ್ ಆಗಿದ್ದರೂ ಹಬ್ಬ ಹಾಗಲ್ಲ. ಈ ಹಬ್ಬಕ್ಕೆ ಹೆಚ್ಚಿನ ಭಾಷೆಗಳಲ್ಲಿ ‘ಪಾಸ್ಕಾ’ ಅನ್ನೋ ಮೂಲದ ಹೆಸರಿದೆ. ಇಟಲಿಯಲ್ಲಿ ಪಾಸ್ಕ್ವಾ, ಸ್ಪೇನಿನಲ್ಲಿ ಪಾಸ್ಕುವಾ. ಕರಾವಳಿಯ ಕೊಂಕಣಿ ಕ್ರೈಸ್ತರು ಪಾಸ್ಕಾಂಚೆಂ ಫೆಸ್ತ್ ಅಂತಾರೆ. ಅದು ಯಹೂದಿಗಳ ಪೆಸಹ್ ಹಬ್ಬದಿಂದ ಬಂದ ಪದ, ಹಬ್ಬದ ಬೇರೂ ಅಲ್ಲೇ.

ಇಷ್ತಾರ್ ಕತೆ? 1850ರ ದಶಕದಲ್ಲಿ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಹಿಸ್ಲಾಪ್ ‘ದಿ ಟೂ ಬ್ಯಾಬಿಲನ್ಸ್’ ಎಂಬ ಪುಸ್ತಕ ಬರೆದು ಜನಪ್ರಿಯ ಮಾಡಿದ್ದು. ಈಸ್ಟರ್, ಇಷ್ತಾರ್, ಕೇಳೋಕೆ ಒಂದೇ ಥರ ಇದೆ, ಆದ್ದರಿಂದ ಒಂದೇ ಅನ್ನೋ ವಾದ. ಪ್ರಾಸ ಕೂಡಿದ್ದಕ್ಕೆ ಸಂಬಂಧ ಕೂಡಿಸಿದರೆ ಹೇಗೆ?

ಇನ್ನು ಮೊಟ್ಟೆ. ಮಧ್ಯಯುಗದ ಯುರೋಪಿನಲ್ಲಿ ಈಸ್ಟರಿಗೆ ಮುಂಚಿನ 40 ದಿನದ ಉಪವಾಸದಲ್ಲಿ ಮೊಟ್ಟೆ ತಿನ್ನುವ ಹಾಗಿರಲಿಲ್ಲ. ಕೋಳಿಗೆ ಉಪವಾಸ ಗೊತ್ತಾ? ಅದು ಇಡ್ತಾನೇ ಇತ್ತು. ಹಬ್ಬದ ಹೊತ್ತಿಗೆ ಮನೆ ತುಂಬ ಮೊಟ್ಟೆ. ಮೊಟ್ಟೆ ತರೋ ಮೊಲದ ಕತೆ ಜರ್ಮನಿಯದು, 1682ರ ಒಂದು ಬರಹದಲ್ಲಿ ಕಾಣಿಸುತ್ತೆ. ಅಲಂಕಾರ ಮಾಡಿ ಮನೆಯೊಳಗೆ ನಿಲ್ಲಿಸಿದ ಕ್ರಿಸ್‌ಮಸ್ ಮರದ ವರ್ಣನೆ ಸ್ಟ್ರಾಸ್‌ಬರ್ಗ್ ಪಟ್ಟಣದ 1605ರ ದಾಖಲೆಯಲ್ಲಿದೆ, ಕಾಗದದ ಗುಲಾಬಿ, ಸೇಬು ನೇತು ಹಾಕಿದ್ದು. ಈ ಪದ್ಧತಿಗಳು ನಮಗೆ ಅನಾದಿ ಕಾಲದವು ಅನ್ನಿಸುತ್ತವೆ. ದಾಖಲೆಯಲ್ಲಿ ಅವು 400 ವರ್ಷದ ಆಸುಪಾಸಿನವು.

ಆರೋಪ ಮಾಡಿದವರು ಯಾರು?

ಈಗ ಮೊದಲೇ ಹೇಳಿದ ಪ್ರಶ್ನೆ. ಈ ಆರೋಪವನ್ನು ಆಯುಧ ಮಾಡಿಕೊಂಡವರು ನಾಸ್ತಿಕರಲ್ಲ, ಬೇರೆ ಧರ್ಮದವರೂ ಅಲ್ಲ. ಕಟ್ಟಾ ಕ್ರೈಸ್ತರು! 17ನೇ ಶತಮಾನದ ಪ್ಯೂರಿಟನ್ ಪ್ರೊಟೆಸ್ಟೆಂಟರು. ಬೈಬಲ್ಲಿನಲ್ಲಿ ಇಲ್ಲದ ಹಬ್ಬ ನಮಗೆ ಬೇಡ, ಇದು ಕ್ಯಾಥೊಲಿಕರು ಪೇಗನ್ನರಿಂದ ತಂದ ಕೊಳೆ ಅಂತ ಅವರ ವಾದ. ಇಷ್ತಾರ್ ಕತೆಯ ಹಿಸ್ಲಾಪ್ ಬರೆದದ್ದೂ ಕ್ಯಾಥೊಲಿಕ್ ಚರ್ಚನ್ನು ಬೈಯೋಕೇ.

1647ರ ಜೂನಿನಲ್ಲಿ ಇಂಗ್ಲೆಂಡಿನ ಸಂಸತ್ತು ಕ್ರಿಸ್‌ಮಸ್, ಈಸ್ಟರ್ ಎರಡನ್ನೂ ರದ್ದು ಮಾಡಿತು. ಆ ಡಿಸೆಂಬರ್ 25ಕ್ಕೆ ಅಂಗಡಿ ತೆರೆಯಲೇಬೇಕು ಅಂತ ಆಜ್ಞೆ. ಕ್ಯಾಂಟರ್‌ಬರಿ ಪಟ್ಟಣದಲ್ಲಿ ಜನ ಗಲಾಟೆ ಎಬ್ಬಿಸಿದರು, ತೆರೆದ ಅಂಗಡಿಗಳ ಮೇಲೆ ಬಿದ್ದರು. ಅಮೆರಿಕದ ಮ್ಯಾಸಚೂಸೆಟ್ಸ್ ವಸಾಹತಿನಲ್ಲಿ 1659ರಲ್ಲಿ ಕಾನೂನು ಬಂತು: ಕ್ರಿಸ್‌ಮಸ್ ಆಚರಿಸಿದರೆ 5 ಶಿಲಿಂಗ್ ದಂಡ. ಅದು ರದ್ದಾದದ್ದು 1681ರಲ್ಲಿ. ಆಮೇಲೂ 1687ರಲ್ಲಿ ಬಾಸ್ಟನ್ನಿನ ಪಾದ್ರಿ ಇನ್‌ಕ್ರೀಸ್ ಮೇದರ್, ಡಿಸೆಂಬರ್ 25ನ್ನು ಆರಿಸಿಕೊಂಡದ್ದು ಸ್ಯಾಟರ್ನೇಲಿಯಾ ಕಾರಣಕ್ಕೇ ಅಂತ ಬರೆದ. ನಮ್ಮ ಮೊಬೈಲಿಗೆ ಬರೋ ಫಾರ್ವರ್ಡ್‌ನ ಮುತ್ತಜ್ಜ ಈ ಬರಹ!

ಅಂದ್ರೆ ‘ಈ ಹಬ್ಬ ಶುದ್ಧ ಅಲ್ಲ’ ಅನ್ನೋ ಮಾತಿನ ಹಿಂದೆ ಆಗಾಗ ಒಂದು ದಂಡದ ಚೀಟಿ ಇರುತ್ತೆ. ಇದಕ್ಕೆ ನಮ್ಮ ಹತ್ತಿರದ್ದೇ ಒಂದು ಉದಾಹರಣೆ ಕೊಡ್ತೀನಿ.

ಗೋವಾದಿಂದ ಮಂಗಳೂರಿಗೆ

ಪೋರ್ಚುಗೀಸರ ಗೋವಾದಲ್ಲಿ ಇನ್‌ಕ್ವಿಸಿಷನ್ ಎಂಬ ಧರ್ಮ ವಿಚಾರಣಾ ಮಂಡಳಿ ಇತ್ತು. 1736ರಲ್ಲಿ ಅದು ಒಂದು ಉದ್ದನೆಯ ಆಜ್ಞೆ ಹೊರಡಿಸಿತು. ಕ್ರೈಸ್ತರು ಮನೆ ಹತ್ತಿರ ತುಳಸಿ ಬೆಳೆಸಬಾರದು. ಹಿಂದೂಗಳ ಹಾಗೆ ಉಪ್ಪಿಲ್ಲದ ಅನ್ನ ಬೇಯಿಸಬಾರದು. ಮದುಮಕ್ಕಳಿಗೆ ಅರಿಶಿನ, ತೆಂಗಿನೆಣ್ಣೆ ಹಚ್ಚೋ ಶಾಸ್ತ್ರ ಮಾಡಬಾರದು. ಗಂಡಸರು ಧೋತರ ಉಡಬಾರದು. ಅನ್ನಕ್ಕೆ ಉಪ್ಪು ಹಾಕಿದ್ದಾರಾ ಇಲ್ವಾ ಅಂತಲೂ ನೋಡೋ ಅಧಿಕಾರ!

ಆ ಆಜ್ಞೆಯ ಕತೆ ಏನಾಯ್ತು? ಗೋವಾದಿಂದ ಬಂದ ಕುಟುಂಬಗಳು ಕರಾವಳಿಯುದ್ದಕ್ಕೂ ನೆಲೆಸಿದ್ದವು. ಇವತ್ತು ಮಂಗಳೂರಿನ ಕ್ಯಾಥೊಲಿಕ್ ಮದುವೆಗೆ ಹೋದರೆ, ಹಿಂದಿನ ದಿನ ‘ರೋಸ್’ ಶಾಸ್ತ್ರ ಇರುತ್ತೆ. ವಧು ವರರಿಗೆ ತೆಂಗಿನ ಹಾಲು ಹಚ್ಚೋದು. ಸೆಪ್ಟೆಂಬರ್ 8ಕ್ಕೆ ಮೇರಿ ಮಾತೆಯ ಜನ್ಮದಿನ, ಮೊಂತಿ ಫೆಸ್ತ್. ನಾವು ತೆನೆ ಹಬ್ಬ ಅಂತೀವಿ. ಮಕ್ಕಳು ಮಾತೆಗೆ ಹೂ ಅರ್ಪಿಸ್ತಾರೆ. ಪಾದ್ರಿ ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸ್ತಾರೆ. ಮನೆಗೆ ತಂದ ತೆನೆಯ ಕಾಳನ್ನು ಪಾಯಸಕ್ಕೋ ಹಾಲಿಗೋ ಬೆರೆಸಿ ಎಲ್ಲರೂ ಹಂಚಿಕೊಳ್ತಾರೆ. ಆಮೇಲೆ ಬಾಳೆ ಎಲೆಯಲ್ಲಿ ಸಸ್ಯಾಹಾರದ ಊಟ. ಹೌದು, ಮೀನು ಮಾಂಸ ಇಲ್ಲದ ಊಟ. ಅದೇ ಕರಾವಳಿಯ ತುಳುವರಿಗೆ ಹೊಸ ಅಕ್ಕಿಯ ಊಟ ಇದೆ, ಕೊಡಗಿಗೆ ಪುತ್ತರಿ ಇದೆ.

ಈಗ ಕೇಳಿ, ತೆನೆ ಹಬ್ಬ ಯಾರದ್ದು? ಯಾರಿಂದ ಕದ್ದದ್ದು? ಮೇರಿಯ ಜನ್ಮದಿನ ಯುರೋಪಿನಿಂದ ಹಡಗಿನಲ್ಲಿ ಬಂತು. ಭತ್ತ ಇಲ್ಲಿನ ಗದ್ದೆಯದ್ದು. ಹೊಸ ಬೆಳೆಯನ್ನು ದೇವರಿಗೆ ತೋರಿಸದೆ ತಿನ್ನಬಾರದು ಅನ್ನೋದು ಆ ಮನೆಯವರು ಕ್ರೈಸ್ತರಾಗೋ ಮೊದಲೂ ಪಾಲಿಸಿದ್ದು, ಆದ ಮೇಲೂ ಪಾಲಿಸಿದ್ದು. ಅವರ ಮನೆಯ ಹಬ್ಬವನ್ನು ಅವರೇ ಕದ್ದರು ಅನ್ನೋಕಾಗುತ್ತಾ? ಪೇತ್ರನ ಚರ್ಚಿನ ಮೆಟ್ಟಿಲಲ್ಲಿ ಸೂರ್ಯನಿಗೆ ತಲೆ ಬಾಗಿಸಿದ ರೋಮನ್ನರದ್ದೂ ಇದೇ ಕತೆ.

ಹಾಗಾಗಿ ಈ ಡಿಸೆಂಬರಿಗೆ ಫಾರ್ವರ್ಡ್ ಬಂದಾಗ ಎರಡು ಪ್ರಶ್ನೆ ಕೇಳಿ. ಒಂದು, ಈ ಮಾತಿಗೆ ಇರೋ ಅತಿ ಹಳೆಯ ಸಾಕ್ಷಿ ಯಾವ ವರ್ಷದ್ದು? 354ರದ್ದಾ, 12ನೇ ಶತಮಾನದ್ದಾ, ಇಲ್ಲ 1850ರ ದಶಕದ್ದಾ? ಎರಡು, ಈ ಹಬ್ಬ ಅಶುದ್ಧ ಅಂತ ಸಾಬೀತಾದರೆ, ಮುಂದೆ ಯಾರ ಮನೆಯ ಊಟ ನಿಲ್ಲಿಸಬೇಕು ಅಂತ ಇವರ ಆಸೆ? ಇದೇ ಎರಡು ಪ್ರಶ್ನೆಯನ್ನು ನಮ್ಮ ಹಬ್ಬಗಳ ಬಗ್ಗೆ, ಪಕ್ಕದ ಮನೆಯ ಹಬ್ಬದ ಬಗ್ಗೆ ಬರೋ ಫಾರ್ವರ್ಡ್‌ಗಳಿಗೂ ಕೇಳಬಹುದು.

ನಿಮ್ಮ ಊರಲ್ಲೂ ಹೀಗೆ ಎರಡು ಧರ್ಮದವರು ಬೇರೆ ಬೇರೆ ಹೆಸರಲ್ಲಿ ಮಾಡೋ ಒಂದೇ ಥರದ ಹಬ್ಬ ಇದ್ದರೆ ನಮಗೆ ಧ್ವನಿ ಸಂದೇಶ ಕಳಿಸಿ. ಮನೆಯ ಹಿರಿಯರನ್ನು ಕೇಳಿ ಕಳಿಸಿದರೆ ಇನ್ನೂ ಖುಷಿ.